60 ದಾಟಿದವರಿಗೆ ‘ಬಾರ್ಡರ್ ಶುಗರ್’ ಶಿಬಿರ: ಯಾವ ಪರೀಕ್ಷೆ ಮಾಡಿಸಬೇಕು, ಏನು ಹೇಳಬೇಕು?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಮಂಡ್ಯ

ನಮಸ್ಕಾರ. ನಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘದಿಂದ ನವೆಂಬರ್ 14ರ ವಿಶ್ವ ಮಧುಮೇಹ ದಿನದ ಸುಮಾರಿಗೆ ಒಂದು ಬೆಳಗಿನ ಶಿಬಿರ ಮಾಡಬೇಕೆಂದಿದ್ದೇವೆ. ಸದಸ್ಯರು 80ರಷ್ಟು, ವಯಸ್ಸು 60ರಿಂದ 82. ಈಗಾಗಲೇ ಮಾತ್ರೆ, ಇನ್ಸುಲಿನ್ ತಗೊಳ್ಳುತ್ತಿರುವವರಿಗೆ ಇದಲ್ಲ. ಶುಗರ್ ‘ಬಾರ್ಡರ್‌ನಲ್ಲಿದೆ’ (ನಾರ್ಮಲ್‌ಗಿಂತ ಹೆಚ್ಚು, ಮಧುಮೇಹಕ್ಕಿಂತ ಕಡಿಮೆ) ಅನ್ನಿಸಿಕೊಂಡು ಸುಮ್ಮನೆ ಕೂತವರಿಗೆ, ಇದುವರೆಗೆ ಒಮ್ಮೆಯೂ ರಕ್ತ ಕೊಡದವರಿಗೆ.

ಗೊತ್ತಾಗಬೇಕಿರುವುದು ಇಷ್ಟು. ಗ್ಲೂಕೋಮೀಟರ್‌ನಲ್ಲಿ ಬೆರಳು ಚುಚ್ಚಿ ನೋಡಿದರೆ ಸಾಕೋ, ಲ್ಯಾಬ್‌ನವರನ್ನೇ ಕರೆಸಬೇಕೋ? ಒಂದು ಲ್ಯಾಬ್‌ನವರು ಎಲ್ಲರಿಗೂ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) ರಿಯಾಯಿತಿಯಲ್ಲಿ ಮಾಡಿಕೊಡುತ್ತೇವೆ ಅಂತಿದ್ದಾರೆ. ಯಾವ ಅಂಕಿಯಿಂದ ಬಾರ್ಡರ್ ಅಂತ ಲೆಕ್ಕ? ‘ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ’, ‘ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೀವಿ’ ಅನ್ನುವವರಿಗೆ ಏನು ಉತ್ತರ? ಮಂಡಿನೋವಿನವರಿಗೆ ಯಾವ ವ್ಯಾಯಾಮ?

ಇನ್ನೊಂದು ಆತಂಕವಿದೆ. ಬಾರ್ಡರ್ ಅಂದದ್ದೇ ತಡ, ಕೆಲವರು ಊಟ ಅರ್ಧ ಮಾಡಿ ಸೊರಗಿಬಿಟ್ಟಿದ್ದಾರೆ. ಇನ್ನು ಕೆಲವರು ಪಕ್ಕದ ಮನೆಯವರ ಶುಗರ್ ಮಾತ್ರೆಯನ್ನೇ ‘ಮುಂಜಾಗ್ರತೆಗೆ’ ಅಂತ ಅರ್ಧರ್ಧ ನುಂಗುತ್ತಾರೆ. ಹೆದರಿಸದೆ, ಹಾಗಂತ ಉಡಾಫೆಯೂ ಆಗದಂತೆ ಹೇಳುವುದು ಹೇಗೆ?

ಉತ್ತರ 1: ಲ್ಯಾಬ್ ಟೆಕ್ನಾಲಜಿಸ್ಟ್

ಗ್ಲೂಕೋಮೀಟರ್ ಬಗ್ಗೆ ಮೊದಲು. ಮೀಟರ್‌ಗಳಿಗಿರುವ ಐಎಸ್‌ಒ 15197 ಮಾನದಂಡದ ಪ್ರಕಾರ 100ಕ್ಕಿಂತ ಕೆಳಗಿನ ರೀಡಿಂಗ್ 15 ಮಿ.ಗ್ರಾಂ ಆಚೀಚೆ ಇದ್ದರೂ ಪಾಸ್, 100ರ ಮೇಲೆ ಶೇ. 15 ಆಚೀಚೆ ಇದ್ದರೂ ಪಾಸ್. ಬರಿಹೊಟ್ಟೆಯ (ಫಾಸ್ಟಿಂಗ್) ಶುಗರ್‌ನಲ್ಲಿ ಬಾರ್ಡರ್ ಅನ್ನುವ ಪಟ್ಟಿಯೇ ಡೆಸಿಲೀಟರ್ ರಕ್ತಕ್ಕೆ 100ರಿಂದ 125 ಮಿ.ಗ್ರಾಂ. ನಿಜವಾಗಿ 110 ಇರುವವರಿಗೆ ಮೀಟರ್ 96 ತೋರಿಸಬಹುದು, 124 ಕೂಡ ತೋರಿಸಬಹುದು. ಎರಡರಲ್ಲೂ ಮೀಟರ್ ಕೆಟ್ಟಿಲ್ಲ. ಸಕ್ಕರೆ ಕಾಯಿಲೆ ಇರುವವರು ದಿನದಿನದ ಏರಿಳಿತ ನೋಡಿಕೊಳ್ಳಲು ಅದು ಒಳ್ಳೆಯ ಸಾಧನ. 104ಕ್ಕೂ 98ಕ್ಕೂ ವ್ಯತ್ಯಾಸ ಹೇಳಲು ಅದನ್ನು ಮಾಡಿಲ್ಲ. ಹಾಗಾಗಿ ಬಾರ್ಡರ್ ಹುಡುಕುವ ಶಿಬಿರಕ್ಕೆ ನರದಿಂದ ತೆಗೆದ ರಕ್ತವೇ ಬೇಕು.

ಆದರೂ ಬಜೆಟ್ ಇಲ್ಲದೆ ಮೀಟರನ್ನೇ ಬಳಸುವುದಾದರೆ: ಕೈಯನ್ನು ಸೋಪು ನೀರಲ್ಲಿ ತೊಳೆಸಿ, ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಚುಚ್ಚಿದರೆ ರೀಡಿಂಗ್ ಸುಮ್ಮಸುಮ್ಮನೆ ಏರುತ್ತದೆ. ಸ್ಪಿರಿಟ್ ಹಚ್ಚಿದರೆ ಆರುವ ತನಕ ಕಾಯಿರಿ. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ. ಹಿಂಡಿ ಹಿಂಡಿ ರಕ್ತ ತೆಗೆಯಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರೆ ತೇವ ಎಳೆದುಕೊಂಡು ಹಾಳಾಗುತ್ತವೆ. ಒಂದು ತೆಗೆದ ಕೂಡಲೇ ಮುಚ್ಚಬೇಕು. ಶಿಬಿರಗಳಲ್ಲಿ ಇದೊಂದನ್ನು ಯಾರೂ ಪಾಲಿಸುವುದಿಲ್ಲ.

ಲ್ಯಾಬ್‌ನವರು ಬಂದರೆ ಮೂರು ವಿಷಯ ಕೇಳಿ. ಒಂದು, ಶುಗರ್‌ಗೆ ಬೂದು ಮುಚ್ಚಳದ ಟ್ಯೂಬ್ ತರುತ್ತಾರಾ? ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಸಾದಾ ಟ್ಯೂಬಿನಲ್ಲಿ ರಕ್ತಕಣಗಳೇ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ಉಪಯೋಗಿಸಿಬಿಡುತ್ತವೆ. 110 ಇದ್ದದ್ದು ಎರಡು ಗಂಟೆ ಬಿಸಿಲಲ್ಲಿ ಕೂತು 97ರ ಸುಮಾರಿಗೆ ಇಳಿದು ‘ನಾರ್ಮಲ್’ ಅಂತ ಚೀಟಿ ಬರುತ್ತದೆ. ಎರಡು, ಐಸ್ ಬಾಕ್ಸ್ ಇದೆಯಾ? ಫ್ಲೋರೈಡ್ ಇದ್ದರೂ ಮೊದಲ ಒಂದೆರಡು ಗಂಟೆ ಇಳಿತ ಪೂರ್ತಿ ನಿಲ್ಲುವುದಿಲ್ಲ. ಮೂರು, ಮಾದರಿ ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತದೆ? ಮಧ್ಯಾಹ್ನ ಅಂದರೆ ಬೇರೆ ಲ್ಯಾಬ್ ನೋಡಿ.

ಫಾಸ್ಟಿಂಗ್ ಅಂದರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಇಲ್ಲ. ‘ಏನೂ ತಿಂದಿಲ್ಲ’ ಅನ್ನುವವರನ್ನು ‘ಕಾಫಿ?’ ಅಂತ ಬೇರೆಯಾಗಿಯೇ ಕೇಳಬೇಕು. ನಮ್ಮವರ ಲೆಕ್ಕದಲ್ಲಿ ಕಾಫಿ ತಿಂಡಿಯಲ್ಲ. ಹಾಲು ಸಕ್ಕರೆ ಹಾಕಿದ ಒಂದು ಲೋಟ ಕುಡಿದಿದ್ದರೆ ಅವರ ಚೀಟಿಯ ಮೇಲೆ ‘ರ‍್ಯಾಂಡಮ್’ (ಊಟದ ಹೊತ್ತಿನ ಲೆಕ್ಕವಿಲ್ಲದೆ ತೆಗೆದದ್ದು) ಅಂತ ಬರೆಸಿ, ಫಾಸ್ಟಿಂಗ್ ಅಂತ ಅಲ್ಲ.

ಇನ್ನು ಎಲ್ಲರಿಗೂ ಎಚ್‌ಬಿಎ1ಸಿ. ಅನುಕೂಲ ಇದೆ: ಉಪವಾಸ ಬೇಡ, ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ತೊಂದರೆ ಏನೆಂದರೆ ಅದು ಕೆಂಪು ರಕ್ತಕಣದ ಆಯಸ್ಸಿನ ಮೇಲೆ ನಿಂತ ಪರೀಕ್ಷೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬಿ12 ಕೊರತೆಯಲ್ಲೂ ಹಾಗೇ. ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಕಿಡ್ನಿ ತೊಂದರೆಗೆ ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ನಡೆಯುತ್ತಿದ್ದರೆ ಕಡಿಮೆ ತೋರಿಸಬಹುದು. 60 ದಾಟಿದ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಹಿಮೋಗ್ಲೋಬಿನ್ 9 ಇರುವವರ ಎಚ್‌ಬಿಎ1ಸಿ 6.1 ಬಂದರೆ ಆ 6.1ನ್ನು ನಂಬಿ ಏನನ್ನೂ ತೀರ್ಮಾನ ಮಾಡುವ ಹಾಗಿಲ್ಲ. ಆ ರಿಯಾಯಿತಿ ಹಣದಲ್ಲಿ ಎಲ್ಲರಿಗೂ ಫಾಸ್ಟಿಂಗ್ ಪ್ಲಾಸ್ಮಾ ಗ್ಲೂಕೋಸ್ ಮತ್ತು ಹಿಮೋಗ್ಲೋಬಿನ್ ಮಾಡಿಸಿ, ಎಚ್‌ಬಿಎ1ಸಿಯನ್ನು ಫಾಸ್ಟಿಂಗ್ 100–125 ಬಂದವರಿಗೆ ಮಾತ್ರ ಉಳಿಸಿಕೊಳ್ಳಿ. ಅದೇ ದಿನ ನೇರಳೆ ಮುಚ್ಚಳದ ಟ್ಯೂಬಲ್ಲೂ ರಕ್ತ ತೆಗೆದಿಟ್ಟುಕೊಂಡರೆ ಹಿಮೋಗ್ಲೋಬಿನ್, ಎಚ್‌ಬಿಎ1ಸಿ ಎರಡಕ್ಕೂ ಅದೇ ಆಗುತ್ತದೆ, ಮತ್ತೆ ಚುಚ್ಚುವುದು ಬೇಡ.

ವಯಸ್ಸಾದವರಲ್ಲಿ ಇನ್ನೊಂದು ಒಳಸುಳಿ ಇದೆ. ಫಾಸ್ಟಿಂಗ್ ಚೆನ್ನಾಗಿರುತ್ತದೆ, ಊಟದ ನಂತರದ್ದು ಮಾತ್ರ ಏರುತ್ತದೆ. ಅದನ್ನು ಹಿಡಿಯುವುದು ಗ್ಲೂಕೋಸ್ ಕುಡಿಸಿ ನೋಡುವ ಓಜಿಟಿಟಿ ಪರೀಕ್ಷೆ. 75 ಗ್ರಾಂ ಗ್ಲೂಕೋಸನ್ನು 250–300 ಮಿ.ಲೀ. ನೀರಿನಲ್ಲಿ ಕಲಸಿ 5 ನಿಮಿಷದೊಳಗೆ ಕುಡಿಸಿ, ಸರಿಯಾಗಿ 2 ಗಂಟೆಗೆ ರಕ್ತ ತೆಗೆಯುವುದು. ಮಾನೋಹೈಡ್ರೇಟ್ (ನೀರಿನಂಶ ಸೇರಿದ) ರೂಪದ ಪುಡಿಯಾದರೆ 82.5 ಗ್ರಾಂ ತೂಗಬೇಕು. ಆ ಎರಡು ಗಂಟೆ ಕೂತಿರಬೇಕು. ಅಡ್ಡಾಡಿದರೆ ಶುಗರ್ ಇಳಿಯುತ್ತದೆ, ಬೀಡಿ ಸೇದುವಂತಿಲ್ಲ. ಹಿಂದಿನ ಮೂರು ದಿನ ಎಂದಿನಂತೆ ಅನ್ನ, ಮುದ್ದೆ ತಿಂದಿರಬೇಕು. ಪರೀಕ್ಷೆಗೆಂದು ಪಥ್ಯ ಮಾಡಿ ಬಂದವರಲ್ಲಿ ಇದು ತಪ್ಪಾಗಿ ಹೆಚ್ಚು ಬರುತ್ತದೆ. ಶಿಬಿರದ ಗದ್ದಲದಲ್ಲಿ ಇದು ಆಗದ ಮಾತು, ಆಯ್ದ ಕೆಲವರನ್ನು ಲ್ಯಾಬಿಗೇ ಕಳಿಸಿ. ಎರಡು ಇಡ್ಲಿ ತಿಂದು ಎರಡು ಗಂಟೆಗೆ ತೆಗೆಸುವ ಪಿಪಿಬಿಎಸ್ ಇದಕ್ಕೆ ಬದಲಿಯಲ್ಲ. ಒಬ್ಬರು ಎರಡು ಇಡ್ಲಿ ತಿಂತಾರೆ, ಇನ್ನೊಬ್ಬರು ನಾಲ್ಕು.

ಉತ್ತರ 2: ಸಮುದಾಯ ಆರೋಗ್ಯ ವೈದ್ಯ

ಅಂಕಿಗಳು ಹೀಗಿವೆ. ಫಾಸ್ಟಿಂಗ್ 100ರಿಂದ 125, ಗ್ಲೂಕೋಸ್ ಕುಡಿದ 2 ಗಂಟೆಗೆ 140ರಿಂದ 199, ಎಚ್‌ಬಿಎ1ಸಿ 5.7ರಿಂದ 6.4. ಇವು ಪ್ರೀಡಯಾಬಿಟಿಸ್, ಅಂದರೆ ನೀವು ಹೇಳುವ ಬಾರ್ಡರ್. ಫಾಸ್ಟಿಂಗ್ 126, 2 ಗಂಟೆಯದ್ದು 200, ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ. ಲಕ್ಷಣಗಳಿಲ್ಲದಿದ್ದರೆ ಮತ್ತೊಂದು ಪರೀಕ್ಷೆಯಲ್ಲೂ ಅದೇ ಬಂದ ಮೇಲಷ್ಟೇ ಹಾಗೆ ಕರೆಯುವುದು. ಫಾಸ್ಟಿಂಗ್ 100 ಅನ್ನುವ ಗಡಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನದು. ವಿಶ್ವ ಆರೋಗ್ಯ ಸಂಸ್ಥೆ 110ರಿಂದ ಲೆಕ್ಕ ಹಿಡಿಯುತ್ತದೆ. 104 ಬಂದ ಒಂದೇ ಚೀಟಿ ಒಬ್ಬ ಡಾಕ್ಟರಿಗೆ ಬಾರ್ಡರ್, ಇನ್ನೊಬ್ಬರಿಗೆ ನಾರ್ಮಲ್ ಆಗುವುದು ಇದರಿಂದಲೇ. ಜನ ಗೊಂದಲಪಟ್ಟು ಇಬ್ಬರನ್ನೂ ಬಿಡುತ್ತಾರೆ. ಇದನ್ನು ಮೈಕಿನಲ್ಲೇ ಹೇಳಿಬಿಡಿ.

ಲಕ್ಷಣ ಕಾಣಿಸಿಕೊಂಡ ಮೇಲೆ ಪರೀಕ್ಷೆ ಮಾಡಿಸಿದರಾಯಿತು ಅನ್ನುವ ನಂಬಿಕೆಯೇ ಇಲ್ಲಿ ದೊಡ್ಡ ಅಡ್ಡಿ. ಈ ಹಂತದಲ್ಲಿ ಬಾಯಾರಿಕೆ, ಪದೇ ಪದೇ ಮೂತ್ರ ಇವೇನೂ ಇರುವುದಿಲ್ಲ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿರುವುದು ಕೆಲವರಲ್ಲಿ ಕಾಣುತ್ತದೆ, ಅಷ್ಟೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಎಂಬ ದೇಶವ್ಯಾಪಿ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಪ್ರೀಡಯಾಬಿಟಿಸ್ ಇರುವವರು 13.6 ಕೋಟಿ. ಈ ಎರಡನೆಯ ಗುಂಪೇ ದೊಡ್ಡದು.

ರಕ್ತ ತೆಗೆಯುವ ಮುಂಚೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿಸಿ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ರೂಪಿಸಿದ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ವಯಸ್ಸು 50 ದಾಟಿದ್ದರೆ 30 ಅಂಕ, ಅಂದರೆ ನಿಮ್ಮ ಸದಸ್ಯರೆಲ್ಲರಿಗೂ 30 ಖಚಿತ. ಸೊಂಟದ ಸುತ್ತಳತೆ ಹೆಂಗಸರಿಗೆ 80–89 ಸೆಂ.ಮೀ., ಗಂಡಸರಿಗೆ 90–99 ಇದ್ದರೆ 10. ಅದಕ್ಕೂ ಮೇಲಾದರೆ 20. ನಿತ್ಯ ವ್ಯಾಯಾಮವೂ ಇದೆ, ಮೈಮುರಿಯುವ ಕೆಲಸವೂ ಇದೆ ಅಂದರೆ 0. ಎರಡರಲ್ಲಿ ಒಂದಿದ್ದರೆ 20. ಎರಡೂ ಇಲ್ಲದಿದ್ದರೆ 30. ತಂದೆ ತಾಯಿಯಲ್ಲಿ ಒಬ್ಬರಿಗೆ ಶುಗರ್ ಇದ್ದಿದ್ದರೆ 10, ಇಬ್ಬರಿಗೂ ಇದ್ದಿದ್ದರೆ 20. ಒಟ್ಟು 60 ಮುಟ್ಟಿದರೆ ಹೆಚ್ಚು ಅಪಾಯ. 66ರ ಒಬ್ಬ ಗೃಹಿಣಿ, ಸೊಂಟ 86, ವ್ಯಾಯಾಮ ಇಲ್ಲ, ತಾಯಿಗೆ ಶುಗರ್ ಇತ್ತು ಅನ್ನಿ: 30+10+30+10, ಎಂಬತ್ತು. ಇದರಲ್ಲಿ ಬದಲಾಯಿಸಬಹುದಾದ ಅಂಕ 40 ಅಂತ ಅವರೇ ಬೆರಳೆಣಿಸಿ ಹೇಳಿದರೆ ಅರ್ಧ ಭಾಷಣ ಉಳಿಯಿತು.

ಸೊಂಟ ಅಳೆಯುವುದರಲ್ಲೇ ಹೆಚ್ಚು ತಪ್ಪಾಗುವುದು. ಪಂಚೆ ಕಟ್ಟುವ ಜಾಗ, ಸೀರೆ ಸಿಕ್ಕಿಸುವ ಜಾಗ ಅಲ್ಲ. ಕೊನೆಯ ಪಕ್ಕೆಲುಬಿನ ಕೆಳಗಂಚು, ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯ. ಟೇಪು ನೆಲಕ್ಕೆ ಸಮನಾಗಿ ಸುತ್ತಬೇಕು, ಉಸಿರು ಬಿಟ್ಟ ಮೇಲೆ ಓದಬೇಕು. ಹೆಂಗಸರಿಗೆ ಲಂಗದ ಲಾಡಿ ಸಡಿಲಿಸಿ ಅಳೆಯಲು ಪರದೆ ಕಟ್ಟಿದ ಮೂಲೆ, ಅಳೆಯಲು ಹೆಂಗಸೇ ಇರಲಿ. ಇಲ್ಲದಿದ್ದರೆ ಐದಾರು ಸುತ್ತು ನೆರಿಗೆಯನ್ನೂ ಸೇರಿಸಿ ಅಳೆದು 94 ಅಂತ ಬರೆಯುತ್ತೀರಿ.

ಈಗ ಹೆದರಿಸುವ ವಿಷಯ. ಇಲ್ಲಿ ವಯಸ್ಸು ನೋಡಿ ಮಾತಾಡಬೇಕು. 60–70ರ, ಹೊಟ್ಟೆ ಬಂದಿರುವ, ಓಡಾಡಬಲ್ಲ ಸದಸ್ಯರಿಗೆ ಒತ್ತಾಯವಾಗಿಯೇ ಹೇಳಿ, ಪ್ರಯೋಜನ ಇದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಡಿಪಿಪಿ (ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ) ಪ್ರಯೋಗದಲ್ಲಿ ಶೇ. 7ರಷ್ಟು ತೂಕ ಇಳಿಸುವ ಗುರಿ, ವಾರಕ್ಕೆ 150 ನಿಮಿಷ ನಡಿಗೆ ಇಟ್ಟುಕೊಂಡವರಲ್ಲಿ ಮಧುಮೇಹ ಶುರುವಾಗುವುದು ಒಟ್ಟಾರೆ ಶೇ. 58 ಕಡಿಮೆಯಾಯಿತು. 60 ದಾಟಿದವರನ್ನೇ ತೆಗೆದುಕೊಂಡರೆ ಶೇ. 71. ಮುದುಕರಿಗೆ ಇನ್ನೇನು ವ್ಯಾಯಾಮ ಅನ್ನುವ ಮಕ್ಕಳಿಗೆ ಈ ಅಂಕಿ ಹೇಳಿ. ನಮ್ಮವರ ಮೇಲೆಯೇ ನಡೆದದ್ದು 2006ರ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ. ಅಲ್ಲಿ ಇಳಿಕೆ ಶೇ. 28.5. ಅದರಲ್ಲಿ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಕೊಟ್ಟವರಿಗೂ ಹೆಚ್ಚೂ ಕಡಿಮೆ ಅಷ್ಟೇ ಲಾಭ, ಎರಡನ್ನೂ ಸೇರಿಸಿದರೂ ಹೆಚ್ಚಾಗಲಿಲ್ಲ.

75 ದಾಟಿದವರ ಕಥೆ ಬೇರೆ. 2021ರಲ್ಲಿ ಬಂದ ಅಮೆರಿಕದ ಎಆರ್‌ಐಸಿ ಅಧ್ಯಯನ ಸರಾಸರಿ 75 ವಯಸ್ಸಿನವರನ್ನು ಸುಮಾರು ಆರು ವರ್ಷ ಗಮನಿಸಿತು. ಫಾಸ್ಟಿಂಗ್ ಬಾರ್ಡರ್‌ನಲ್ಲಿದ್ದವರಲ್ಲಿ ಮಧುಮೇಹಕ್ಕೆ ದಾಟಿದ್ದು ಶೇ. 8, ತಾವಾಗಿಯೇ ನಾರ್ಮಲ್‌ಗೆ ವಾಪಸ್ ಬಂದದ್ದು ಶೇ. 44. ಎಚ್‌ಬಿಎ1ಸಿ ಹಿಡಿದು ನೋಡಿದರೂ ದಾಟಿದ್ದು ಶೇ. 9 ಮಾತ್ರ. ಹಾಗಾಗಿ 80ರ ಅಜ್ಜಿಯ ಎಚ್‌ಬಿಎ1ಸಿ 6.0 ಬಂದರೆ ಅವರ ಹೋಳಿಗೆ ಕಿತ್ತುಕೊಳ್ಳುವ ತುರ್ತು ಏನಿಲ್ಲ. ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿಯುವುದು, ಸ್ನಾಯು ಕರಗುವುದು, ಬಿಪಿ ಏರುಪೇರು ಇವೇ ಮುಂದಿನ ಸಾಲಿನ ಅಪಾಯ. ಊಟ ಕಡಿಮೆ ಮಾಡಿ ಸೊರಗಿದವರಲ್ಲಿ ಗ್ಲೂಕೋಸನ್ನು ಎಳೆದುಕೊಳ್ಳಬೇಕಾದ ತೊಡೆಯ ಸ್ನಾಯುವೇ ಕರಗಿಹೋಗಿರುತ್ತದೆ. ತೂಕವೂ ಹೋಯಿತು, ಶುಗರೂ ಇಳಿಯಲಿಲ್ಲ ಅನ್ನುವ ಪರಿಸ್ಥಿತಿ.

ಪಕ್ಕದ ಮನೆಯ ಮಾತ್ರೆ ಬಗ್ಗೆ ಗಡುಸಾಗಿಯೇ ಹೇಳಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳು ಶುಗರ್ ನಾರ್ಮಲ್ ಇದ್ದರೂ ಕೆಳಗೆ ತಳ್ಳುತ್ತವೆ. ವಯಸ್ಸಾದವರಲ್ಲಿ ಲೋ ಶುಗರ್ ಅಂದರೆ ಬರೀ ಬೆವರು, ನಡುಕ ಅಲ್ಲ. ಮಾತು ತೊದಲುವುದು, ಮಂಕಾಗುವುದು, ಬಚ್ಚಲಲ್ಲಿ ಬೀಳುವುದು. ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಆದರೆ ಕಿಡ್ನಿಯ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕೆಳಗಿದ್ದರೆ ಕೊಡುವಂತಿಲ್ಲ, ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತದೆ, ಮೇಲಾಗಿ ಡಿಪಿಪಿಯಲ್ಲಿ 60 ದಾಟಿದವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಬಾರ್ಡರ್ ಬಂದವರ ಔಷಧಿ ಚೀಲವನ್ನೂ ಒಮ್ಮೆ ತೆಗೆಸಿ ನೋಡಬೇಕು. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಶುಗರನ್ನು ಜೋರಾಗಿಯೇ ಏರಿಸುತ್ತದೆ. ಬಿಪಿಗೆ ಕೊಡುವ ಥಯಜೈಡ್, ಕೊಲೆಸ್ಟರಾಲ್‌ನ ಸ್ಟ್ಯಾಟಿನ್ ಅಲ್ಪಸ್ವಲ್ಪ ಏರಿಸುತ್ತವೆ. ಇವನ್ನು ತಾವಾಗಿ ನಿಲ್ಲಿಸಕೂಡದು, ಹೃದಯಕ್ಕೆ ಅವುಗಳ ಉಪಯೋಗ ದೊಡ್ಡದು; ಬರೆದುಕೊಟ್ಟ ಡಾಕ್ಟರ ಗಮನಕ್ಕೆ ತಂದರೆ ಸಾಕು. ಲೇಬಲ್ ಇಲ್ಲದ ‘ಮಂಡಿನೋವಿನ ಪುಡಿ’ ಯಾರಾದರೂ ತಗೊಳ್ಳುತ್ತಿದ್ದರೆ ಮಾತ್ರ ಅನುಮಾನ ಪಡಿ. ನೋವು ಎರಡೇ ದಿನದಲ್ಲಿ ಮಾಯವಾಗುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಗೊಂಡಿದ್ದರೆ ಅದನ್ನೂ ಒಮ್ಮೆಲೇ ಬಿಡದೆ ಡಾಕ್ಟರಿಗೆ ತೋರಿಸಿ.

ಉತ್ತರ 3: ಡಯಟಿಷಿಯನ್, ಮೈಸೂರು

ಮುದ್ದೆಯ ವಿಚಾರ ನನಗೆ ಬಿಡಿ. ರಾಗಿ ಒಳ್ಳೆಯದೇ: 100 ಗ್ರಾಂ ಹಿಟ್ಟಿನಲ್ಲಿ ನಾರು 11 ಗ್ರಾಂ ಆಸುಪಾಸು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ಅದೇ 100 ಗ್ರಾಂನಲ್ಲಿ ಪಿಷ್ಟ 67 ಗ್ರಾಂ, ಅಕ್ಕಿಯಲ್ಲಿ 78. ಅಂತರ ಜನ ಅಂದುಕೊಂಡಷ್ಟು ಇಲ್ಲ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ಪದಾರ್ಥ ಬೇಗ ಜೀರ್ಣವಾಗುತ್ತದೆ. ಗದ್ದೆ ಕೆಲಸ ಮಾಡುವಾಗಿನ ಅಳತೆಯ ಮುದ್ದೆಯನ್ನೇ ನಿವೃತ್ತಿಯಾದ ಮೇಲೂ ತಿನ್ನುವುದು ತೊಂದರೆ, ಮುದ್ದೆಯಲ್ಲ. ಶಿಬಿರದ ದಿನ ಒಂದು ಅಡುಗೆ ತಕ್ಕಡಿ ಇಟ್ಟು 50 ಗ್ರಾಂ ಹಿಟ್ಟಿನ ಮುದ್ದೆ, 100 ಗ್ರಾಂ ಹಿಟ್ಟಿನ ಮುದ್ದೆ ಎರಡನ್ನೂ ಪಕ್ಕಪಕ್ಕ ತಟ್ಟೆಯಲ್ಲಿಡಿ. ಯಾವುದು ನಿಮ್ಮನೆಯದು ಅಂತ ಕೇಳಿ. ಹಾಳೆ ಹಂಚುವುದಕ್ಕಿಂತ ಇದು ಮೇಲು.

ಚಿಕ್ಕ ಮುದ್ದೆಯ ಜೊತೆ ಏನಿರಬೇಕು ಅನ್ನುವುದಕ್ಕೆ ಮಂಡ್ಯದವರು ಬೇರೆ ಕಡೆ ಹುಡುಕಬೇಕಿಲ್ಲ, ಬಸ್ಸಾರು ಇದೆ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಸಾರಿಗೆ, ಬಸಿದದ್ದು ಪಲ್ಯಕ್ಕೆ. ಆದರೆ ಬಡಿಸುವಾಗ ಸಾರು ಧಾರಾಳ, ಪಲ್ಯ ಎರಡು ಚಮಚ. ಅದನ್ನು ತಿರುಗಿಸಬೇಕು. ಅರ್ಧ ತಟ್ಟೆ ಪಲ್ಯ, ತರಕಾರಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಮುದ್ದೆ ಅಥವಾ ಅನ್ನ. ಮುದ್ದೆ ತಿಂದು ‘ಕೊನೆಗೆ ಮಜ್ಜಿಗೆಗೆ ಒಂದಿಷ್ಟು ಅನ್ನ’ ಅನ್ನುವುದರಲ್ಲಿ ಆ ಒಂದಿಷ್ಟು ಎಷ್ಟು ಅಂತ ನೋಡಿ. ಮಜ್ಜಿಗೆಯನ್ನು ಲೋಟದಲ್ಲೇ ಕುಡಿಯಬಹುದು. ಪಲ್ಯ, ಕಾಳು ಮೊದಲು ತಿಂದು ಮುದ್ದೆ ಆಮೇಲೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಬಿಪಿ ಇರುವವರಿಗೆ ಉಪ್ಸಾರಿನ ಉಪ್ಪಿನ ಬಗ್ಗೆ ಎಚ್ಚರಿಕೆ ಬೇಕು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ.

ಬೆಲ್ಲ? ಬಹುಪಾಲು ಸಕ್ಕರೆಯೇ. ಜೇನೂ ಅಷ್ಟೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ‘ಆರೋಗ್ಯಕ್ಕೆ’ ಅಂತ ದಿನಕ್ಕೆರಡು ಲೋಟ ಕುಡಿಯುವವರು ತುಂಬಾ ಜನ. ಅದನ್ನು ಮಜ್ಜಿಗೆ, ಉಪ್ಪು ಹಾಕಿದ ಅಂಬಲಿಗೆ ಬದಲಾಯಿಸಿ, ಹಿಟ್ಟು ಒಂದೆರಡು ಚಮಚಕ್ಕೆ ನಿಲ್ಲಿಸಿ. ಕಾಫಿಗೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ, ದಿನಕ್ಕೆ ನಾಲ್ಕು ಲೋಟ ಅಂದರೆ 40. ಒಮ್ಮೆಲೇ ಬಿಡಿ ಅಂದರೆ ಬಿಡುವುದಿಲ್ಲ, ವಾರಕ್ಕೆ ಅರ್ಧ ಚಮಚದಂತೆ ಇಳಿಸಲಿ. ಕಬ್ಬಿನ ಊರಲ್ಲಿದ್ದೀರಿ: ಒಂದು ದೊಡ್ಡ ಲೋಟ ಕಬ್ಬಿನ ಹಾಲಲ್ಲಿ 30 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ನಿಂಬೆಹಣ್ಣು, ಶುಂಠಿ ಹಿಂಡಿದರೆ ಅದು ಕಡಿಮೆಯಾಗುವುದಿಲ್ಲ. ‘ಶುಗರ್ ಫ್ರೀ’ ಅಂತ ಬರೆದ ಬಿಸ್ಕತ್ತಿನಲ್ಲೂ ಮೈದಾ ಇರುತ್ತದೆ. ಏಕಾದಶಿ ಉಪವಾಸದ ಅವಲಕ್ಕಿ, ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು ಸೇರಿದರೆ ಊಟಕ್ಕಿಂತ ಪಿಷ್ಟ ಜಾಸ್ತಿ.

ಸ್ನಾಯು ಕರಗುವ ಬಗ್ಗೆ ಡಾಕ್ಟರ್ ಹೇಳಿದ್ದಕ್ಕೆ ಪ್ರೋಟೀನ್ ಲೆಕ್ಕ ಸೇರಿಸುತ್ತೇನೆ. ವಯಸ್ಸಾದವರಿಗೆ ಕೆಜಿ ತೂಕಕ್ಕೆ 1 ಗ್ರಾಂ ಬೇಕು, 55 ಕೆಜಿಗೆ 55 ಗ್ರಾಂ. ದಿನಕ್ಕೆ 200 ಗ್ರಾಂ ರಾಗಿ, ಅಕ್ಕಿಯಿಂದ ಸುಮಾರು 15 ಗ್ರಾಂ, 60 ಗ್ರಾಂ ಬೇಳೆ ಅಥವಾ ಹುರುಳಿಯಿಂದ 13, ಹಾಲು ಮೊಸರು ಸೇರಿ 400 ಮಿ.ಲೀ.ಗೆ 13, ಒಂದು ಮೊಟ್ಟೆಗೆ 6, ಒಂದು ಹಿಡಿ ಕಡ್ಲೆಕಾಯಿ ಬೀಜಕ್ಕೆ 6. ಕಷ್ಟಪಟ್ಟು 53 ಆಯಿತು. ಇದರಲ್ಲಿ ಕಾಳನ್ನೋ ಹಾಲನ್ನೋ ‘ಗ್ಯಾಸ್’ ಅಂತ ಬಿಟ್ಟವರಿಗೆ ಸಿಗುವುದು 40 ಅಷ್ಟೆ. ಹುರುಳಿ, ಅವರೆಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿದರೆ ಹಲ್ಲಿಲ್ಲದವರೂ ತಿನ್ನುತ್ತಾರೆ, ಗ್ಯಾಸ್ ದೂರೂ ತಗ್ಗುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲಿ.

ಸಂಘದ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಎರಡು ಮುದ್ದೆ ಪಕ್ಕಪಕ್ಕ ಇಡುವುದು ಖಂಡಿತ ಮಾಡುತ್ತೇವೆ. ಡಾಕ್ಟ್ರೇ, ಒಂದು ಉದಾಹರಣೆ ಕೇಳಲೇ? 78 ವಯಸ್ಸು, ತೂಕ 49 ಕೆಜಿ, ಫಾಸ್ಟಿಂಗ್ 108, ಎಚ್‌ಬಿಎ1ಸಿ 6.1. ಇನ್ನೊಬ್ಬರು 64, ತೂಕ 76 ಕೆಜಿ, ಫಾಸ್ಟಿಂಗ್ 112, ಎಚ್‌ಬಿಎ1ಸಿ ಅದೇ 6.1. ಇಬ್ಬರಿಗೂ ಒಂದೇ ಚೀಟಿ ಕೊಡಬಹುದಾ?

ಉತ್ತರ 2: ಸಮುದಾಯ ಆರೋಗ್ಯ ವೈದ್ಯ

ಬೇಡ. 64ರವರಿಗೆ ಗುರಿ ಕೊಡಿ: ಆರು ತಿಂಗಳಲ್ಲಿ 4ರಿಂದ 5 ಕೆಜಿ ಇಳಿಕೆ, ವಾರಕ್ಕೆ ಐದು ದಿನ 30 ನಿಮಿಷ ನಡಿಗೆ, ಜೊತೆಗೆ ಬಿಪಿ, ಕೊಲೆಸ್ಟರಾಲ್ ಪರೀಕ್ಷೆ. ಬಾರ್ಡರ್ ಶುಗರ್ ಇರುವವರಿಗೆ ಹೃದಯದ ಅಪಾಯವೂ ಜೊತೆಗೇ ಬರುತ್ತದೆ, ತಂಬಾಕು ಬಿಡಿಸುವುದು ಇಲ್ಲೇ ಸೇರಬೇಕು. 78ರವರ ಹಿಮೋಗ್ಲೋಬಿನ್ ಮೊದಲು ನೋಡಿ. ಅವರಿಗೆ ತೂಕ ಇಳಿಸುವ ಮಾತೇ ಎತ್ತಬೇಡಿ. ಸಕ್ಕರೆ ಪಾನೀಯ ಬಿಟ್ಟು, ಕಾಳು, ಹಾಲು ಹೆಚ್ಚಿಸಿ, ಕಾಲಿನ ಬಲ ನೋಡಿಕೊಂಡರೆ ಸಾಕು. ಪ್ರಯತ್ನಪಡದೆ ಈಚೆಗೆ ತೂಕ ಇಳಿದಿದ್ದರೆ ಮಾತ್ರ ಅದು ಬೇರೆಯೇ ವಿಷಯ, ಬೇಗ ಆಸ್ಪತ್ರೆಗೆ ತೋರಿಸಬೇಕು. ಇಬ್ಬರಿಗೂ ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ.

ಉತ್ತರ 4: ಫಿಸಿಯೋಥೆರಪಿಸ್ಟ್

ಮಂಡಿನೋವಿನವರಿಗೆ ‘ದಿನಾ ಒಂದು ಗಂಟೆ ವಾಕಿಂಗ್’ ಅಂದರೆ ಮೂರನೇ ದಿನ ಕಾಲು ಊದಿಸಿಕೊಂಡು ಮನೆಯಲ್ಲಿ ಕೂರುತ್ತಾರೆ. ಮೂರು ಊಟದ ನಂತರ ಹತ್ತು ಹದಿನೈದು ನಿಮಿಷ ಸಾಕು. 60 ದಾಟಿದವರ ಮೇಲೆ 2013ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಊಟಗಳ ನಂತರ 15 ನಿಮಿಷದಂತೆ ಮೂರು ಸಲ ನಡೆದದ್ದು ಒಂದೇ ಸಲ 45 ನಿಮಿಷ ನಡೆದದ್ದಕ್ಕೆ ಸಮವಾಯಿತು, ರಾತ್ರಿ ಊಟದ ನಂತರದ ಶುಗರ್‌ಗೆ ಇನ್ನೂ ಮೇಲಾಯಿತು. ರಾತ್ರಿ ರಸ್ತೆ, ನಾಯಿ, ಗುಂಡಿ ಅನ್ನುವವರು ಹಜಾರದಲ್ಲೇ ನಡೆಯಲಿ.

ಬಲಕ್ಕೆ ಕುರ್ಚಿಯಿಂದ ಏಳುವುದು, ಕೂರುವುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಮೊಸಾಯಿಕ್ ನೆಲದ ಮೇಲೆ ಜಾರುತ್ತದೆ. ಪಾದ ಸೊಂಟದಷ್ಟು ಅಗಲ, ಮಂಡಿಗಿಂತ ಸ್ವಲ್ಪ ಹಿಂದೆ. ಮುಂದಕ್ಕೆ ಬಾಗಿ ಏಳಬೇಕು, ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತಾ ಇಳಿಯಬೇಕು. ಬಲ ಬೆಳೆಯುವುದು ಆ ಇಳಿಯುವುದರಲ್ಲೇ. 8–10 ಸಲ, ಸ್ವಲ್ಪ ಕೂತು ಇನ್ನೊಂದು ಸುತ್ತು, ವಾರಕ್ಕೆ ಮೂರು ದಿನ. ಮಂಡಿ ಹಿಡಿದುಕೊಂಡರೆ ದಪ್ಪ ದಿಂಬು ಹಾಕಿ ಎತ್ತರ ಹೆಚ್ಚಿಸಿ. ಜೊತೆಗೆ ಗೋಡೆಗೆ ಅಂಗೈ ಊರಿ ತಳ್ಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಉಸಿರು ಬಿಗಿಹಿಡಿಯಬಾರದು, ಬಿಪಿ ಏರುತ್ತದೆ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಶಿಬಿರದಲ್ಲೇ ಇದನ್ನು ಪರೀಕ್ಷೆಯಾಗಿ ಇಡಬಹುದು: ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ? 70–74ರ ಹೆಂಗಸರಿಗೆ 10, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಪಕ್ಕದಲ್ಲಿ ಒಬ್ಬರು ಹಿಡಿಯಲು ನಿಂತಿರಬೇಕು. ಇದನ್ನು ರಕ್ತ ಕೊಟ್ಟು ತಿಂಡಿ ಆದಮೇಲೆ ಮಾಡಿಸಿ, ಬರಿಹೊಟ್ಟೆಯಲ್ಲಿ ಬೇಡ.

ಉತ್ತರ 5: ನಿವೃತ್ತ ಆರೋಗ್ಯ ಮೇಲ್ವಿಚಾರಕಿ

ವಿಜ್ಞಾನ ಎಲ್ಲ ಬಂತು, ದಿನದ ಏರ್ಪಾಡು ನಾನು ಹೇಳ್ತೀನಿ. ಹಿಂದಿನ ಸಂಜೆ ಎಲ್ಲರಿಗೂ ಫೋನ್ ಹೋಗಲಿ: ರಾತ್ರಿ 9ಕ್ಕೆ ಊಟ ಮುಗಿಸಿ, ಬೆಳಿಗ್ಗೆ ನೀರು ಕುಡಿಯಿರಿ, ಕಾಫಿ ಬೇಡ, ಈಗ ತಗೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಕವರಲ್ಲಿ ಹಾಕಿ ತನ್ನಿ. ಬಿಪಿ ಮಾತ್ರೆ ನೀರಲ್ಲಿ ತಗೊಂಡೇ ಬರಲಿ. ಇಲ್ಲದಿದ್ದರೆ ಬಿಪಿ ಮೇಜಿನಲ್ಲಿ ಎಲ್ಲರದೂ 170. ಬೆಳಿಗ್ಗೆ 6.30ಕ್ಕೆ ಶುರು ಮಾಡಿ, 75 ದಾಟಿದವರನ್ನು ಮೊದಲು ಕರೆಯಿರಿ. 8.30ರೊಳಗೆ ಎಲ್ಲರಿಗೂ ತಿಂಡಿ ಸಿಗಬೇಕು. ತಿಂಡಿಗೆ ಕೇಸರಿಬಾತು ಮಾಡಿಸಬೇಡಿ, ಎಷ್ಟೋ ಶುಗರ್ ಶಿಬಿರಗಳಲ್ಲಿ ಅದೇ ಇರುತ್ತದೆ! ಹೆಸರುಕಾಳು ಉಸಲಿ, ಒಂದೆರಡು ಇಡ್ಲಿ, ಸಾಂಬಾರ್ ಸಾಕು.

ನಿಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ನ ವೈದ್ಯಾಧಿಕಾರಿಗೆ ಎರಡು ಮೂರು ವಾರ ಮುಂಚೆಯೇ ಪತ್ರ ಕೊಡಿ. 30 ದಾಟಿದವರೆಲ್ಲರ ಬಿಪಿ, ಶುಗರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆ ಅದಕ್ಕೆಂದೇ ಸಿಬ್ಯಾಕ್ ಎಂಬ ಪ್ರಶ್ನಾವಳಿ ಫಾರಂ ತುಂಬುತ್ತಾರೆ. ನಿಮ್ಮ ಪಟ್ಟಿ ಅವರ ಲೆಕ್ಕಕ್ಕೂ ಸೇರಿದರೆ ಮುಂದಿನ ವರ್ಷದ ಪರೀಕ್ಷೆ ಯಾರ ದಾನಕ್ಕೂ ಕಾಯಬೇಕಿಲ್ಲ. ರ‍್ಯಾಂಡಮ್ 140 ಮುಟ್ಟಿದವರನ್ನು ಅಲ್ಲಿಗೆ ಕಳಿಸಿ. 200 ದಾಟಿ ಬಾಯಾರಿಕೆ, ತೂಕ ಇಳಿಕೆ ಇದ್ದರೆ ಅದೇ ದಿನ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ ಇರುತ್ತದೆ.

ರಿಪೋರ್ಟನ್ನು ಮೈಕಿನಲ್ಲಿ ಹೆಸರು ಕೂಗಿ ಹಂಚಬೇಡಿ. ‘ನಿಮ್ಗೂ ಬಂತಾ?’ ಅಂತ ಶುರುವಾದರೆ ಮರುವರ್ಷ ಅರ್ಧ ಜನ ಬರುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ, ಅಡುಗೆ ಮಾಡುವವರನ್ನೂ (ಸೊಸೆ, ಮಗಳು, ಹೆಂಡತಿ, ಯಾರಾದರೂ) ಜೊತೆಗೆ ಕರೆಸಿ, ಐದು ನಿಮಿಷ ಮಾತಾಡಿ. ಚೀಟಿಯಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ನಾಲ್ಕೇ ವಿಷಯ: ಇವತ್ತಿನ ಅಂಕಿ, ಸೊಂಟದ ಅಳತೆ, ಮಾಡಬೇಕಾದ ಎರಡು ಬದಲಾವಣೆ, ಮುಂದಿನ ಪರೀಕ್ಷೆಯ ತಿಂಗಳು. ಎರಡಕ್ಕಿಂತ ಹೆಚ್ಚು ಬದಲಾವಣೆ ಬರೆದರೆ ಒಂದೂ ಆಗುವುದಿಲ್ಲ.

ಸೂಜಿ, ಲ್ಯಾನ್ಸೆಟ್ ಯಾವುದೂ ಪುರಸಭೆ ಕಸದ ಚೀಲಕ್ಕೆ ಹೋಗಬಾರದು. ಚುಚ್ಚಿ ಒಳಹೋಗದ ಗಟ್ಟಿ ಬಿಳಿ ಡಬ್ಬಿಯನ್ನು ಲ್ಯಾಬ್‌ನವರೇ ತಂದು, ತುಂಬಿದ್ದನ್ನು ಅವರೇ ವಾಪಸ್ ಒಯ್ಯಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಲ್ಯಾನ್ಸೆಟ್ ಒಬ್ಬರಿಗೆ ಒಂದು. ಪೆನ್ನಿನಂಥ ಚುಚ್ಚುವ ಸಾಧನವನ್ನು ಸೂಜಿ ಬದಲಾಯಿಸಿದರೂ ಹಲವರಿಗೆ ಬಳಸಬಾರದು, ರಕ್ತದ ಸೋಂಕು ಹರಡುತ್ತದೆ; ಒಂದೇ ಸಲ ಬಳಸಿ ಎಸೆಯುವಂಥದ್ದನ್ನೇ ತರಿಸಿ, 80 ಜನಕ್ಕೆ 100 ಇರಲಿ.